ಕಾಲಿನಿಂದ ಜಾರಿದ ಚಪ್ಪಲಿ ಮತ್ತು ಇತರ ಪ್ರಶ್ನೆಗಳು

ಪ್ರಶ್ನೆ: ಆರು ತಿಂಗಳಿಂದ ನನ್ನ ಮಗಳು ಹಾಲು, ಮೊಸರು, ಬೆಣ್ಣೆ ಯಾವುದನ್ನೂ ಮುಟ್ಟುತ್ತಿಲ್ಲ. ತಾನು ವೀಗನ್ ಎನ್ನುತ್ತಾಳೆ. ಮೊಟ್ಟೆ, ಮಾಂಸವನ್ನಂತೂ ಮೊದಲಿನಿಂದಲೂ ತಿಂದವಳಲ್ಲ. ಇನ್ನು ಅವಳಿಗೆ ಪ್ರೋಟೀನ್ ಎಲ್ಲಿಂದ ಬರಬೇಕು? ಮನೆಯಲ್ಲಿ ದಿನವೂ ಇದೇ ಜಗಳ.

ಉತ್ತರ: ಮೊದಲು ಜಗಳ ನಿಲ್ಲಿಸಿ. ಆಡಲೇಬೇಕೆಂದಿದ್ದರೆ ಅದಕ್ಕೆ ಯೋಗ್ಯವಾದ ವಿಷಯ ಬೇರೆ ಇದೆ, ಕೊನೆಯಲ್ಲಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಆಹಾರತಜ್ಞೆಯಾಗಿ ದುಡಿದ ವರ್ಷಗಳಲ್ಲಿ ಸಸ್ಯಾಹಾರಿಗಳ ಬಾಯಿಂದ ಪ್ರೋಟೀನಿನ ಪ್ರಶ್ನೆ ಕೇಳಿದಷ್ಟು ಬೇರೆ ಯಾವುದನ್ನೂ ಕೇಳಿಲ್ಲ. ಎರಡು ಹೊತ್ತು ಬೇಳೆಕಾಳಿನ ಜೊತೆ ಹೊಟ್ಟೆ ತುಂಬ ಉಣ್ಣುವವರು ಪ್ರೋಟೀನ್ ಕೊರತೆಯಿಂದ ಹಾಸಿಗೆ ಹಿಡಿದದ್ದನ್ನು ಮಾತ್ರ ನಾನು ಕಂಡಿಲ್ಲ.

ಲೆಕ್ಕ ಸರಳ. ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೋಟೀನ್ ಬೇಕು. ಸಸ್ಯಗಳ ಪ್ರೋಟೀನ್ ಹಾಲಿನದರಷ್ಟು ಚೆನ್ನಾಗಿ ಜೀರ್ಣವಾಗದ ಕಾರಣ ನಾನು 1 ಗ್ರಾಂ ಎಂದೇ ಹಿಡಿಯುತ್ತೇನೆ. ಮಗಳ ತೂಕ 55 ಕಿಲೋ ಎಂದುಕೊಂಡರೆ 55 ಗ್ರಾಂ ಆಯಿತು. ಒಣ ಬೇಳೆಕಾಳುಗಳ ತೂಕದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಪ್ರೋಟೀನೇ. ಸೋಯಾ ಕಾಳಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ದಿನಕ್ಕೆ 100 ಗ್ರಾಂ ಬೇಳೆಕಾಳು, 250 ಗ್ರಾಂ ಧಾನ್ಯ, ಒಂದು ಹಿಡಿ ಕಡಲೆಕಾಯಿ ಬೀಜ ಇಷ್ಟಿದ್ದರೆ ಗುರಿ ಹತ್ತಿರವೇ. ಜೊತೆಗೆ ಒಂದು ತುಂಡು ತೋಫು, ಅಂದರೆ ಸೋಯಾ ಹಾಲಿನ ಪನೀರು, ಬಿದ್ದರೆ ದಾಟಿಯೇ ಹೋಯಿತು. ಹಣ್ಣು, ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದಾಳೆಂದರೆ ಮಾತು ಬೇರೆ. ಹಾಗಿದ್ದರೆ ಅದು ವೀಗನ್ ಆದದ್ದರ ತಪ್ಪಲ್ಲ, ಉಪವಾಸದ ತಪ್ಪು.

ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಆದ್ದರಿಂದ ಎರಡನ್ನೂ ಒಂದೇ ಊಟದಲ್ಲಿ ಬೆರೆಸಿಯೇ ತಿನ್ನಬೇಕೆಂಬ ಮಾತು 1970ರ ದಶಕದಲ್ಲಿ ಬಹಳ ಹರಡಿತ್ತು. ಈಗ ಅದನ್ನು ಯಾರೂ ಅಷ್ಟು ಬಿಗಿಯಾಗಿ ಹೇಳುವುದಿಲ್ಲ. ದೇಹಕ್ಕೆ ದಿನದ ಒಟ್ಟು ಲೆಕ್ಕ ಮುಖ್ಯ. ಬೆಳಿಗ್ಗೆ ಧಾನ್ಯ, ರಾತ್ರಿ ಕಾಳು ತಿಂದರೂ ನಡೆಯುತ್ತದೆ.

ಇನ್ನು ಜಗಳಕ್ಕೆ ಯೋಗ್ಯವಾದ ವಿಷಯ. ಮಗಳನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: "ವಿಟಮಿನ್ ಬಿ12 ಎಲ್ಲಿಂದ ತೆಗೆದುಕೊಳ್ಳುತ್ತಿದ್ದೀಯ?" "ಸೊಪ್ಪು, ತರಕಾರಿಯಿಂದ" ಎಂದರೆ ಮುಂದಿನ ಉತ್ತರವನ್ನು ಅವಳಿಗೆ ಓದಿ ಹೇಳಿ.

ಪ್ರಶ್ನೆ: ನನಗೆ 58 ವರ್ಷ, ಹುಟ್ಟಾ ಸಸ್ಯಾಹಾರಿ. ಹಾಲು ಬಿಟ್ಟಿಲ್ಲ. ಸೊಪ್ಪು ಧಾರಾಳವಾಗಿ ತಿನ್ನುತ್ತೇನೆ, ರಕ್ತಹೀನತೆ ಇಲ್ಲ. ಆದರೂ ಕೆಲವು ತಿಂಗಳಿಂದ ಅಂಗಾಲು ಜುಮುಗುಟ್ಟುತ್ತದೆ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಎಂದು ಬಂದಿದೆ. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯ ಪುಡಿ ಶುರು ಮಾಡಲೇ?

ಉತ್ತರ: ಬೇಡ. ನಿಮ್ಮ ಪತ್ರ ಓದುವಾಗ ನನ್ನದೇ ಕಾಲು ನೆನಪಾಯಿತು.

ಐವತ್ತು ದಾಟಿದ ಮೇಲೆ ಒಂದು ಸಂಜೆ ಮನೆಗೆ ಬಂದು ಬಾಗಿಲಲ್ಲಿ ನೋಡಿಕೊಂಡರೆ ಎಡಗಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ಹಿಂದಕ್ಕೆ ನಡೆದು ಹೋದೆ. ಮೂವತ್ತು ಹೆಜ್ಜೆ ಆಚೆ ದಾರಿ ಮಧ್ಯದಲ್ಲಿ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದಿದ್ದರೂ ಅಂಗಾಲಿಗೆ ಅದು ತಿಳಿದಿರಲಿಲ್ಲ. ಊರಿಗೆಲ್ಲ ಪೋಷಕಾಂಶದ ಪಾಠ ಹೇಳುತ್ತಿದ್ದವಳು ನಾನು! "ಹಾಲು ಕುಡಿಯುತ್ತೇನಲ್ಲ, ನನಗೇನು ಕೊರತೆ" ಎಂಬ ಧೈರ್ಯ. ಆಮೇಲೆ ಒಂದು ದಿನ ಅಳತೆಯ ಲೋಟ ಹಿಡಿದು ಕೂತೆ. ಮೂರು ಸಲದ ಕಾಫಿಗೆ ಹಾಕುತ್ತಿದ್ದ ಹಾಲು, ಊಟದ ಕೊನೆಯ ಎರಡು ಚಮಚ ಮೊಸರು, ಎಲ್ಲ ಸೇರಿ ಅರ್ಧ ಲೋಟವೂ ಆಗಲಿಲ್ಲ. ಒಂದು ದೊಡ್ಡ ಲೋಟ ಹಾಲಿನಲ್ಲಿ ಬಿ12 ಇರುವುದು ಸುಮಾರು 1 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ. ಸಾಲದ್ದಕ್ಕೆ ನಾನು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದೆ. ಆಹಾರದಲ್ಲಿ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲವೇ ಬೇಕು. ನೀವೂ ಅಂಥ ಮಾತ್ರೆಯನ್ನೋ ಮಧುಮೇಹದ ಮೆಟ್‌ಫಾರ್ಮಿನ್ ಅನ್ನೋ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಸೂಕ್ಷ್ಮಾಣುಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿಟ್ಟದ್ದು ಹಾಲಿಗೆ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥವು ಇವೆ, ಆದರೆ ಬಿ12 ಹೀರಿಕೊಳ್ಳುವ ಜಾಗ ಅದಕ್ಕಿಂತ ಮೊದಲೇ, ಸಣ್ಣ ಕರುಳಿನ ಕೊನೆಯಲ್ಲಿ ಮುಗಿದಿರುತ್ತದೆ. ಅಡುಗೆಮನೆಯ ಕೆಳಗಡೆಯ ಚರಂಡಿಯಲ್ಲಿ ಅನ್ನ ಹರಿದಂತೆ, ಉಪಯೋಗವಿಲ್ಲ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಬಹುಪಾಲು ಬಿ12ರಂತೆಯೇ ಕಾಣುವ, ನಮ್ಮ ದೇಹಕ್ಕೆ ಒದಗದ ಇನ್ನೊಂದು ವಸ್ತು.

"ರಕ್ತಹೀನತೆ ಇಲ್ಲ" ಎಂದು ಬರೆದಿದ್ದೀರಲ್ಲ, ಅಲ್ಲಿಯೇ ಮೋಸ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ವಿಟಮಿನ್ ಒಳ್ಳೆಯದೇ. ಆದರೆ ಅದು ಹೇರಳವಾಗಿದ್ದಾಗ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿಯೇ ಉಳಿಯಬಹುದು, ಒಳಗೆ ನರಗಳು ಸವೆಯುತ್ತಲೇ ಇರಬಹುದು. ಯಕೃತ್ತಿನಲ್ಲಿ ಈ ವಿಟಮಿನ್ ವರ್ಷಗಳಿಗಾಗುವಷ್ಟು ದಾಸ್ತಾನಿರುತ್ತದೆ. ಹಾಗಾಗಿ ಆಹಾರ ಬದಲಿಸಿದವರಿಗೆ ಮೊದಲ ವರ್ಷ "ನೋಡಿ, ನನಗೇನೂ ಆಗಿಲ್ಲ" ಎನ್ನುವ ಉತ್ಸಾಹ. ಬಿಲ್ಲು ತಡವಾಗಿ ಬರುತ್ತದೆ. ಯಕೃತ್ತು ತಿನ್ನಿಸಿ, ದೇಹ ಬಿ12 ಹೀರಿಕೊಳ್ಳಲಾರದೆ ಬರುವ ಮಾರಕ ರಕ್ತಹೀನತೆಯನ್ನು ಗುಣಪಡಿಸಿದವರಿಗೆ 1934ರಲ್ಲೇ ನೊಬೆಲ್ ಬಂತು. ಅದರೊಳಗಿನ ಕೆಂಪು ಹರಳು, ಅಂದರೆ ಬಿ12, ಕೈಗೆ ಸಿಕ್ಕಿದ್ದು 1948ರಲ್ಲಿ. ಅದರ ರಚನೆಯನ್ನು ಬಿಡಿಸಿ ತೋರಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ 1964ರ ನೊಬೆಲ್ ಸಂದಿತು. ಈಗ ಮಾತ್ರೆಗೆ ಬೇಕಾದದ್ದನ್ನು ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿಯೇ ತೆಗೆಯುತ್ತಾರೆ. ಅದಕ್ಕೆ ಪ್ರಾಣಿ ಬೇಕಿಲ್ಲ, ವೀಗನ್ ಮಗಳಿಗೂ ಅಡ್ಡಿಯಿಲ್ಲ.

ಮಾತ್ರೆಯ ಮೇಲೆ 1000 ಎಂದು ಬರೆದದ್ದು ಕಂಡು ಹೆದರಬೇಡಿ. ಒಂದು ಸಲಕ್ಕೆ ಕರುಳು ತನ್ನ ವಾಹಕದ ಮೂಲಕ ಒಯ್ಯುವುದು ಸುಮಾರು 2 ಮೈಕ್ರೋಗ್ರಾಂ ಅಷ್ಟೇ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಹೇಗೋ ನುಸುಳುತ್ತದೆ. 1944ರಲ್ಲಿ "ವೀಗನ್" ಎಂಬ ಪದವನ್ನೇ ಹುಟ್ಟುಹಾಕಿದ ಬ್ರಿಟನ್ನಿನ ವೀಗನ್ ಸೊಸೈಟಿ ಕೂಡ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ ಕನಿಷ್ಠ 2000 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಿ ಎನ್ನುತ್ತದೆ. ಇದು ಕೊರತೆ ಇಲ್ಲದವರಿಗೆ. ನಿಮಗೆ ಕಾಲು ಜುಮುಗುಡುತ್ತಿದೆ, ಆದ್ದರಿಂದ ಮೊದಲು ವೈದ್ಯರು. ಚುಚ್ಚುಮದ್ದು ಬೇಕೆಂದರೆ ಹಾಕಿಸಿಕೊಳ್ಳಿ, ತಡ ಮಾಡಬೇಡಿ. ನರಕ್ಕಾದ ಹಾನಿ ಹಳೆಯದಾದಷ್ಟು ಮರಳುವುದು ಕಷ್ಟ. ನನ್ನ ಎಡಗಾಲಿನ ಎರಡು ಬೆರಳು ಇನ್ನೂ ಮಂದವಾಗಿಯೇ ಇವೆ.

ಬಸುರಿಯರು, ಮೊಲೆಯೂಡಿಸುವ ತಾಯಂದಿರು ಇದನ್ನು ಓದುತ್ತಿದ್ದರೆ ಎರಡು ಸಲ ಓದಿ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಕಡಿಮೆ. ಕೂಸಿಗೆ ವರ್ಷಗಳ ದಾಸ್ತಾನು ಇರುವುದಿಲ್ಲ.

ಪ್ರಶ್ನೆ: ದಿನವೂ ಪಾಲಕ್ ತಿಂದರೂ ಹಿಮೋಗ್ಲೋಬಿನ್ 10ರಿಂದ ಮೇಲೇರುತ್ತಿಲ್ಲ. ಏಕೆ?

ಉತ್ತರ: ಪಾಲಕ್ಕಿಗೆ ಅದರ ಯೋಗ್ಯತೆಗಿಂತ ಹೆಚ್ಚು ಹೆಸರು ಬಂದಿದೆ. ಹಸಿಯಾಗಿ 100 ಗ್ರಾಂನಲ್ಲಿ ಕಬ್ಬಿಣ 3 ಮಿಲಿಗ್ರಾಂ ಒಳಗೇ, ಅದರಲ್ಲೂ ದೇಹಕ್ಕೆ ದಕ್ಕುವುದು ಸ್ವಲ್ಪ. ಬೇಳೆಕಾಳು, ಎಳ್ಳು, ಕುಂಬಳ ಬೀಜ ಇವನ್ನು ನಂಬಿ. ಆದರೆ ನಾನು ಕೇಳುವ ಪ್ರಶ್ನೆ ಬೇರೆ: ಊಟವಾದ ಎಷ್ಟು ಹೊತ್ತಿಗೆ ಚಹಾ ಕುಡಿಯುತ್ತೀರಿ? "ಕೈ ತೊಳೆದ ಕೂಡಲೇ" ಎಂದಾದರೆ ತಿಂದ ಕಬ್ಬಿಣದ ಬಹುಭಾಗವನ್ನು ಆ ಲೋಟವೇ ಕಟ್ಟಿಹಾಕುತ್ತಿದೆ. ಒಂದೆರಡು ಗಂಟೆ ತಡೆಯಿರಿ. ಅದರ ಬದಲು ಊಟದ ಮೇಲೆ ನಿಂಬೆ ಹಿಂಡಿಕೊಳ್ಳಿ, ಒಲೆಯ ಮೇಲಲ್ಲ, ತಟ್ಟೆಯಲ್ಲಿ. ಕಬ್ಬಿಣ ಹೀರಿಕೊಳ್ಳಲು ನೆರವಾಗುವ ಅದರ ವಿಟಮಿನ್ ಸಿ ಬಿಸಿಗೆ ನಿಲ್ಲುವುದಿಲ್ಲ. ಕಾಳನ್ನು ರಾತ್ರಿ ನೆನೆಸಿ, ಸಾಧ್ಯವಾದರೆ ಮೊಳಕೆ ಬರಿಸಿ. ಕಬ್ಬಿಣ, ಸತು ಎರಡನ್ನೂ ಹಿಡಿದಿಡುವ ಫೈಟೇಟ್ ಇದರಿಂದ ತಗ್ಗುತ್ತದೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನು ಬೇರೆ ಹೊತ್ತಿಗೆ ನುಂಗಿ.

ಹಾಗೆಂದು ಎಲ್ಲವನ್ನೂ ತಟ್ಟೆಯ ತಲೆಗೆ ಕಟ್ಟಬೇಡಿ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಯಾವ ಸೊಪ್ಪೂ ತುಂಬಿಕೊಡಲಾರದು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹಸುವಿನ ಹಾಲಿನ ಬದಲು ಸೋಯಾ ಹಾಲು ಕುಡಿದರೆ ಕ್ಯಾಲ್ಸಿಯಂ ಸಿಗುತ್ತದೆಯೇ?

ಉತ್ತರ: ಕ್ಯಾಲ್ಸಿಯಂ ಸೇರಿಸಿದ್ದೆಂದು ಡಬ್ಬಿಯ ಮೇಲೆ ಬರೆದಿದ್ದರೆ ಸಿಗುತ್ತದೆ, ಮನೆಯಲ್ಲಿ ರುಬ್ಬಿ ಸೋಸಿದ್ದರಲ್ಲಿ ಸಾಲದು. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ. ಅಲ್ಲಾಡಿಸದೆ ಬಗ್ಗಿಸಿಕೊಂಡರೆ ನಿಮಗೆ ನೀರು, ಡಬ್ಬಿಗೆ ಕ್ಯಾಲ್ಸಿಯಂ. ಇಲ್ಲೂ ಪಾಲಕ್ಕನ್ನು ನಂಬಬೇಡಿ. ಅದರಲ್ಲಿರುವ, ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಆಕ್ಸಲೇಟಿನ ದೆಸೆಯಿಂದ ಅದರ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಒಳಗೆ ಹೋಗುತ್ತದೆ, ಹಾಲಿನದರಲ್ಲಿ ಸುಮಾರು ಮೂವತ್ತು. ಹೂಕೋಸಿನ ಬಳಗದ ಬ್ರೊಕೋಲಿ, ಕೇಲ್, ಜೊತೆಗೆ ಕ್ಯಾಲ್ಸಿಯಂ ಲವಣ ಹಾಕಿ ಗಟ್ಟಿಮಾಡಿದ ತೋಫು ಮೇಲು. ಹಾಲು ಬಿಟ್ಟವರಿಗೆ ಅಯೋಡಿನ್ ಕೂಡ ಕಡಿಮೆಯಾಗುತ್ತದೆ. ಬಣ್ಣದ ಕಲ್ಲುಪ್ಪಿನ ಮೋಹ ಬಿಟ್ಟು ಅಯೋಡಿನ್ ಸೇರಿಸಿದ ಉಪ್ಪನ್ನೇ, ಮಿತವಾಗಿ, ಬಳಸಿ.

ಪ್ರಶ್ನೆ: ಮೀನೆಣ್ಣೆಯ ಬದಲು ದಿನವೂ ಒಂದು ಚಮಚ ಅಗಸೆಬೀಜ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತೇನೆ. ಒಮೆಗಾ-3ಕ್ಕೆ ಸಾಕೇ?

ಉತ್ತರ: ಅಗಸೆಯಲ್ಲಿರುವುದು ಒಮೆಗಾ-3ರ ಒಂದು ಬಗೆಯಾದ ಎಎಲ್‌ಎ. ಮೆದುಳು, ಕಣ್ಣು ಬಯಸುವ ಇನ್ನೊಂದು ಬಗೆಯಾದ ಡಿಎಚ್‌ಎ ಆಗಿ ಅದು ಬದಲಾಗುವುದು ತೀರಾ ಕೊಂಚ. ಮೀನು ಕೂಡ ಡಿಎಚ್‌ಎಯನ್ನು ಪಡೆಯುವುದು ಮೂಲತಃ ಪಾಚಿಯಿಂದ. ಆ ಪಾಚಿಯ ಎಣ್ಣೆಯೇ ಮಾತ್ರೆಯಾಗಿ ಸಿಗುತ್ತದೆ, ಬಸುರಿಯರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಉಳಿದವರಿಗೆ ಅಗಸೆ, ಅಕ್ರೋಟು ಒಳ್ಳೆಯ ಆರಂಭ. ಆದರೆ ಇಡೀ ಬೀಜ ನುಂಗಿದರೆ ಅದು ಹೋದ ಹಾಗೆಯೇ ಹೊರಗೆ ಬರುತ್ತದೆ. ಪುಡಿ ಮಾಡಿ ತಿನ್ನಿ, ಒಂದು ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿ ತಂಪಾದ ಜಾಗದಲ್ಲಿಡಿ. ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ.