ಗಟ್ಟಿ ಪೊರೆಗೆ ಯಾವ ಆಪರೇಷನ್?

ಪ್ರಶ್ನೆ: ನಮ್ಮ ಅಮ್ಮನಿಗೆ 74 ವರ್ಷ. ಕಣ್ಣಿನ ಪೊರೆ ತುಂಬಾ ಗಟ್ಟಿಯಾಗಿದೆ, ಎಸ್‌ಐಸಿಎಸ್ (ಪೊರೆಯನ್ನು ಒಡೆಯದೆ ಸೀಳಿನಿಂದ ಹೊರತೆಗೆಯುವ ಆಪರೇಷನ್) ಮಾಡೋಣ ಅಂದರು ಕ್ಯಾಂಪಿನ ಡಾಕ್ಟರು. ಅದು ಹಳೇ ವಿಧಾನ, ಫೇಕೋನೇ ಮಾಡಿಸು ಅಂತಾಳೆ ಅಕ್ಕ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಪೊರೆ ಮೆತ್ತಗಿದ್ದಿದ್ದರೆ ನಾನೂ ಫೇಕೋ ಅಂತಲೇ ಹೇಳುತ್ತಿದ್ದೆ. ಅದರಲ್ಲಿ ಗಾಯ 3 ಮಿ.ಮೀ.ಗಿಂತ ಚಿಕ್ಕದು. ಕಂಪಿಸುವ ಸೂಜಿಯಿಂದ ಪೊರೆ ಒಡೆದು, ಹೀರಿ ತೆಗೆದು, ಮಡಚಿದ ಲೆನ್ಸ್ ಒಳಗಿಡುತ್ತೇವೆ. ಕಣ್ಣು ಬೇಗ ಸುಧಾರಿಸುತ್ತದೆ.

ಆದರೆ ಕಲ್ಲಿನಂಥ ಪೊರೆ ಒಡೆಯಲು ಜಾಸ್ತಿ ಶಕ್ತಿ ಬೇಕು. ಅದರ ಪೆಟ್ಟು ಬೀಳುವುದು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗ) ಒಳಪದರಕ್ಕೆ. ಅಲ್ಲಿ ಸತ್ತ ಜೀವಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಎಸ್‌ಐಸಿಎಸ್‌ನಲ್ಲಿ 6–7 ಮಿ.ಮೀ. ಸೀಳಿ, ತಿರುಳನ್ನು ಇಡಿಯಾಗಿ ಹೊರತೆಗೆಯುತ್ತೇವೆ. ಸೀಳು ಸುರಂಗದಂತೆ ಓರೆಯಾಗಿರುವುದರಿಂದ ತಾನೇ ಮುಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಹೊಲಿಗೆ ಬೇಡ. ಖರ್ಚೂ ಕಡಿಮೆ.

ಹೋದ ವಾರ ಅಜ್ಜಿಯೊಬ್ಬರಿಗೆ ಹೀಗೇ ಮಾಡಿದೆ. ತೆಗೆದ ತಿರುಳು ಟ್ರೇ ಮೇಲೆ ಹುಣಸೆಬೀಜದ ಬಣ್ಣಕ್ಕಿತ್ತು. ಮರುದಿನ ಪಟ್ಟಿ ಬಿಚ್ಚಿದಾಗ ಅವರು ಮೊದಲು ನೋಡಿಕೊಂಡದ್ದು ತಮ್ಮ ಕೈಬಳೆ. 'ಹಸಿರು ಅಲ್ವಾ ಇದು?' ಅಂದರು.

ಆ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ಸುಮ್ನೆ ತಡ ಮಾಡಬೇಡಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ.