ಸರ್ಕಾರಿ ಆಸ್ಪತ್ರೆಯಲ್ಲಿ ಖಾಸಗಿ ಡಯಾಲಿಸಿಸ್: ಕೆಟ್ಟು ನಿಂತರೆ ಯಾರನ್ನು ಕೇಳೋದು?

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕ ಖಾಸಗಿಯವರ ಕೈಲಿದೆ, ಆಸ್ಪತ್ರೆಯವರು ಕಂಪನಿ ಕಡೆ ಕೈ ತೋರಿಸ್ತಾರೆ, ಕಂಪನಿಯವರು ಆಸ್ಪತ್ರೆ ಕಡೆ, ಹೊಣೆ ಯಾರದು ಅಂತ ಕೇಳಿದ್ದೀರಿ.

ನಾನು ಕೋಲಾರ ಜಿಲ್ಲೆಯವನು. ನಮ್ಮ ಭಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಎರಡು ವರ್ಷದಿಂದ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೇನೆ. ಆಸ್ಪತ್ರೆ, ಕಂಪನಿ ಹೆಸರು ಬೇಡ, ನಾಳೆಯೂ ಅಲ್ಲಿಗೇ ಹೋಗಬೇಕು.

ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೋದರೆ ಬಾಗಿಲಲ್ಲಿ ಎಂಟು ಜನ ನಿಂತಿದ್ದಾರೆ, ಒಳಗೆ ಒಂದು ಮಷಿನ್ನೂ ಓಡುತ್ತಿಲ್ಲ. ಟೆಕ್ನಿಷಿಯನ್ ಹುಡುಗ ಲೋಟಕ್ಕೆ ನೀರು ಹಿಡಿದು, ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯೋದು) ಅದ್ದಿ ತೋರಿಸಿದ. ನೀರು ಶುದ್ಧ ಮಾಡುವ ಆರ್‌ಓ ಘಟಕ ದಾಟಿ ಬಂದ ನೀರಲ್ಲೂ ಅಂಕಿ ಏರಿ ಕೂತಿತ್ತು. ಒಬ್ಬರಿಗೆ ನಾಲ್ಕು ಗಂಟೆ ನಡೆಸಿದರೆ ಸುಮಾರು 120 ಲೀಟರ್ ನೀರು ರಕ್ತದ ಪಕ್ಕದಲ್ಲೇ, ಒಂದು ತೆಳು ಪೊರೆಯ ಆಚೆ ಹರಿಯುತ್ತೆ. ನಮ್ಮದೋ ಬೋರ್‌ವೆಲ್ ಗಡಸು ನೀರು, ಬಿಂದಿಗೆಗೇ ಬಿಳಿ ಪದರ ಕಟ್ಟುತ್ತೆ. ಅವನು ಮಷಿನ್ ಶುರು ಮಾಡದೇ ಇದ್ದದ್ದೇ ನಮ್ಮ ಪುಣ್ಯ. "ಆರ್‌ಓದು ಮೆಂಬ್ರೇನ್, ನೀರು ಸೋಸೋ ಪೊರೆ, ಬದಲಾಯಿಸಿ ಅಂತ ತಿಂಗಳಿಂದ ಬಡ್ಕೋತಿದೀನಿ ಅಣ್ಣ" ಅಂದ. ಅವನಿಗೇ ಮೂರು ತಿಂಗಳ ಸಂಬಳ ಬಂದಿರಲಿಲ್ಲ.

ಕಂಪನಿಯ ಮೇಲ್ವಿಚಾರಕ ಫೋನಲ್ಲಿ "ನೀರು ಕೊಡೋದು ಆಸ್ಪತ್ರೆ" ಅಂದ. ವೈದ್ಯಾಧಿಕಾರಿ "ಆರ್‌ಓ ಪ್ಲಾಂಟ್ ಅವರದು" ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಭಾವನಿಗೆ ಆವತ್ತು ಕೋಲಾರದಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದೆವು.

2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಹಂಚಿಕೆ ಹೀಗಿದೆ: ಜಾಗ, ಕರೆಂಟು, ನೀರು ಸರ್ಕಾರದ್ದು. ಮಷಿನ್, ಆರ್‌ಓ ಘಟಕ, ಸಿಬ್ಬಂದಿ, ರಕ್ತ ಸೋಸುವ ಡಯಲೈಸರ್ ಖಾಸಗಿಯವರದು. ಅಂದರೆ ನಲ್ಲಿವರೆಗೆ ನೀರು ತರೋದು ಆಸ್ಪತ್ರೆ, ಅಲ್ಲಿಂದಾಚೆ ಶುದ್ಧ ಮಾಡೋದು ಕಂಪನಿ. ನಿಮ್ಮ ಊರಿನ ಘಟಕಕ್ಕೆ ಮಾತ್ರ ಅದರದೇ ಒಪ್ಪಂದಪತ್ರ ಹೇಳಿದ್ದೇ ಕೊನೆ ಮಾತು. ಜಗಳಕ್ಕೆ ಹೋಗುವ ಮುಂಚೆ ಅದರ ಪ್ರತಿ ಕೈಗೆ ತಗೊಳ್ಳಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಕಂಪನಿಗಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹಾಕಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಒಪ್ಪಂದಕ್ಕೊಂದು, ಬಿಲ್ಲುಗಳಿಗೊಂದು ಬೇರೆ ಬೇರೆ ಬರೆಯಿರಿ. ನನಗೆ ಮೊದಲು ಬಂದದ್ದು "ವಾಣಿಜ್ಯ ಗೌಪ್ಯತೆ, ಕೊಡಲು ಬರುವುದಿಲ್ಲ" ಅನ್ನೋ ಹಿಂಬರಹ. ಅದಕ್ಕೆ ಅವರು ತೋರಿಸುವ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ)ಯಲ್ಲೇ ವಿಶಾಲ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅಂತಲೂ ಇದೆ. ಅದನ್ನೇ ಬರೆದು 30 ದಿನದೊಳಗೆ ಮೇಲ್ಮನವಿ ಹಾಕಿದೆ, ಪ್ರತಿ ಬಂತು.

ಒಪ್ಪಂದದಲ್ಲಿ ಘಟಕ ನಿಂತ ಪ್ರತಿ ದಿನಕ್ಕೂ ದಂಡ ಇತ್ತು, ತಿಂಗಳ ಬಿಲ್ಲಿನಲ್ಲೇ ಕಡಿತ ಆಗಬೇಕು. ಬಿಲ್ಲಿಗೆ "ಸೇವೆ ಸಮರ್ಪಕ" ಅಂತ ದೃಢೀಕರಿಸಿ ಸಹಿ ಹಾಕೋರು ಅದೇ ವೈದ್ಯಾಧಿಕಾರಿ! ಆರು ತಿಂಗಳ ಬಿಲ್ಲಲ್ಲಿ ಒಂದು ಪೈಸೆಯೂ ಕಡಿತವಾಗಿರಲಿಲ್ಲ. ಇನ್ನೊಂದು ಕಡೆ, ಅದರಲ್ಲಿ ನಾಲ್ಕು ಬಿಲ್ಲು ಸರ್ಕಾರದಿಂದ ಪಾವತಿಯೇ ಆಗಿರಲಿಲ್ಲ. ಹುಡುಗನ ಸಂಬಳ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಅಂತ ಆಗ ತಿಳೀತು. ಕಂಪನಿಯನ್ನಷ್ಟೇ ಬೈಯುತ್ತಿದ್ದ ನಾನು ಸ್ವಲ್ಪ ತಣ್ಣಗಾದೆ.

ಸರ್ಕಾರವೇ ಪಾಲುದಾರ ಆಗಿದ್ದರೆ ಇದೆಲ್ಲ ಇರ್ತಿರಲಿಲ್ಲ ಅನ್ನೋರಿದ್ದಾರೆ. ದೆಹಲಿಯ ಇಂದ್ರಪ್ರಸ್ಥ ಅಪೋಲೋ ಆಸ್ಪತ್ರೆಯಲ್ಲಿ ಅಲ್ಲಿನ ಸರ್ಕಾರಕ್ಕೆ ಶೇ. 26 ಪಾಲಿತ್ತು, ಮೂರರಲ್ಲೊಂದು ಹಾಸಿಗೆ ಬಡವರಿಗೆ ಉಚಿತ ಅನ್ನೋ ಷರತ್ತೂ ಇತ್ತು. ಆದರೂ ಅದನ್ನು ಪಾಲಿಸಿ ಅಂತ 2009ರಲ್ಲಿ ಹೈಕೋರ್ಟೇ ಹೇಳಬೇಕಾಯಿತು.

ಬಿಲ್ಲಿನ ಪ್ರತಿ ಮುಂದಿಟ್ಟಾಗ ವೈದ್ಯಾಧಿಕಾರಿ ಏನೂ ಮಾತಾಡಲಿಲ್ಲ. ಆ ತಿಂಗಳ ಬಿಲ್ಲು ಸಹಿ ಇಲ್ಲದೆ ಮೇಜಿನ ಮೇಲೇ ಉಳೀತು, ಹತ್ತು ದಿನದಲ್ಲಿ ಹೊಸ ಮೆಂಬ್ರೇನ್ ಬಂತು. ಈಗ ಆರ್‌ಓ ಪಕ್ಕ ದಾರ ಕಟ್ಟಿದ ನೋಟ್‌ಬುಕ್ ನೇತಾಡುತ್ತೆ. ದಿನಾ ಬೆಳಿಗ್ಗೆ ರೀಡಿಂಗ್ ಬರೆದು ಸಹಿ ಆಗಬೇಕು. ಶನಿವಾರದ ಸಹಿ ಸೋಮವಾರ ಬೀಳುತ್ತೆ ಅನ್ನೋದು ಬೇರೆ ಮಾತು. ಅರ್ಜಿಯ ಒಕ್ಕಣೆ ಬೇಕಿದ್ದರೆ ಹೇಳಿ, ನನ್ನದನ್ನೇ ಹಾಕ್ತೀನಿ.