ಓದುಗರ ಪ್ರಶ್ನೆ: ವಿಂಡೋಸ್ 11 ಬೇಡವೆಂದರೂ ಬರುತ್ತಿದೆ

ಪ್ರಶ್ನೆ: ಮನೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಹೋಮ್ ಇದೆ. ನಮ್ಮ ಹಳೆಯ ಸ್ಕ್ಯಾನರ್ ನಡೆಯುವುದು ಅದರಲ್ಲಿ ಮಾತ್ರ. 11ಕ್ಕೆ ಬನ್ನಿ ಎಂಬ ಪರದೆ ಪದೇ ಪದೇ ಬರುತ್ತದೆ. ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸಿಬಿಡಲೇ?

ಉತ್ತರ: ಬೇಡ. ಅದನ್ನು ನಿಲ್ಲಿಸಿದರೆ ಭದ್ರತಾ ಪ್ಯಾಚ್‌ಗಳೂ ನಿಲ್ಲುತ್ತವೆ. ಸಾಲದ್ದಕ್ಕೆ, ಅಪ್‌ಡೇಟ್ ಮೆಡಿಕ್ ಎಂಬ ಇನ್ನೊಂದು ಸರ್ವಿಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ತಡೆಯಬೇಕಾದ್ದು ಆವೃತ್ತಿ ಬದಲಾಗುವುದನ್ನಷ್ಟೇ.

ಇಂಥ ನಿಯಮಗಳನ್ನು ಹಾಕುವ ಗ್ರೂಪ್ ಪಾಲಿಸಿ ಎಡಿಟರ್ ಹೋಮ್‌ನಲ್ಲಿ ಇಲ್ಲದ್ದರಿಂದ, ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಗೇ ಕೈಹಾಕಬೇಕು. ಅದನ್ನು ತಿದ್ದುವ ರೆಜ್‌ಎಡಿಟ್ (regedit) ಪ್ರೋಗ್ರಾಂ ತೆರೆದು, ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಒಂದು ಪ್ರತಿ ಉಳಿಸಿಕೊಳ್ಳಿ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ಹೀಗೆ ಒಳಗಿಳಿಯಿರಿ. ಅಲ್ಲಿ ವಿಂಡೋಸ್‌ಅಪ್‌ಡೇಟ್ ಎಂಬ ಕೀ (ಫೋಲ್ಡರ್‌ನಂಥದ್ದು) ಇಲ್ಲದಿದ್ದರೆ ಹೊಸದಾಗಿ ಮಾಡಿ, ಅದರೊಳಗೆ ಮೂರು ವ್ಯಾಲ್ಯೂ ಸೇರಿಸಿ: ಟಾರ್ಗೆಟ್‌ರಿಲೀಸ್‌ವರ್ಷನ್ (ಬಗೆ ಡಿವರ್ಡ್, ಬೆಲೆ 1), ಪ್ರಾಡಕ್ಟ್‌ವರ್ಷನ್ (ಬಗೆ ಸ್ಟ್ರಿಂಗ್, ಬೆಲೆ ವಿಂಡೋಸ್ 10), ಟಾರ್ಗೆಟ್‌ರಿಲೀಸ್‌ವರ್ಷನ್‌ಇನ್ಫೋ (ಬಗೆ ಸ್ಟ್ರಿಂಗ್, ಬೆಲೆ 22ಎಚ್2). ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಒಂದಕ್ಷರ ತಪ್ಪಿದರೂ ವಿಂಡೋಸ್ ದೂರು ಹೇಳುವುದಿಲ್ಲ, ಸುಮ್ಮನೆ ಕಡೆಗಣಿಸುತ್ತದೆ. ಜಾಗ ಬೇಕಾದ್ದು ‘ವಿಂಡೋಸ್ 10’ ಎಂಬಲ್ಲಿ ಮಾತ್ರ. ಆಮೇಲೆ ರೀಸ್ಟಾರ್ಟ್ ಮಾಡಿ.

ಇಷ್ಟಕ್ಕೇ ನಂಬಿ ಕೂರಬೇಡಿ. ಈ ಮೂರು ವ್ಯಾಲ್ಯೂ ಸೇರಿ ಆಗುವ ಪಾಲಿಸಿಯನ್ನು (ನಿಯಮವನ್ನು) ಮೈಕ್ರೋಸಾಫ್ಟ್ ವಿವರಿಸಿರುವುದು ಪ್ರೊ ಮತ್ತು ಅದರ ಮೇಲಿನ ಆವೃತ್ತಿಗಳಿಗೆ. ಆವೃತ್ತಿಯ ಬೆಂಬಲ ಮುಗಿದು 60 ದಿನ ಕಳೆದರೆ ತಾನಾಗಿ ಅಪ್‌ಡೇಟ್ ಆಗುತ್ತದೆ ಎಂಬ ಎಚ್ಚರಿಕೆಯೂ ಅದರ ವಿವರಣೆಯಲ್ಲಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಎರಡನೆಯ ತಡೆಯೂ ಇರಲಿ: 11ಕ್ಕೆ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಚಿಪ್) ಕಡ್ಡಾಯವಾದ್ದರಿಂದ, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಅದನ್ನು ಆಫ್ ಮಾಡಿದರೆ ಕಂಪ್ಯೂಟರ್ ಅನರ್ಹವಾಗುತ್ತದೆ. ಇಂಟೆಲ್ ಬೋರ್ಡ್‌ಗಳಲ್ಲಿ ಇದು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿರುತ್ತದೆ. ಎಚ್ಚರ: ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ ಮೊದಲು ಆಫ್ ಮಾಡಿ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಇಲ್ಲವಾದರೆ ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಲಾಗಿನ್ ಪಿನ್ ಕೂಡ ಕೈಕೊಡಬಹುದು, ಪಾಸ್‌ವರ್ಡ್ ನೆನಪಿರಲಿ. ಬಯೋಸ್‌ನಲ್ಲಿ ಕಾಣುವ ‘ಕ್ಲಿಯರ್’ ಎಂಬುದನ್ನು ಮುಟ್ಟಬೇಡಿ.

ಭದ್ರತಾ ಪ್ಯಾಚ್‌ಗಳಿಗಾಗಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆಗೆ ಸೇರಿಕೊಳ್ಳಿ. ಮನೆಬಳಕೆಗೆ ಅದು 2026ರ ಅಕ್ಟೋಬರ್ 13ರವರೆಗೆ. 22ಎಚ್2 ಆವೃತ್ತಿ, ಮೈಕ್ರೋಸಾಫ್ಟ್ ಖಾತೆ ಎರಡೂ ಬೇಕು.

ಪ್ರಶ್ನೆ: ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸು ಎಂಬ ಸೆಟ್ಟಿಂಗ್) ಅಥವಾ ಅಪ್‌ಡೇಟ್ ಪಾಸ್ (pause, ತಾತ್ಕಾಲಿಕ ತಡೆ) ಸಾಕಾಗದೇ?

ಉತ್ತರ: ಪಾಸ್ ಹೆಚ್ಚೆಂದರೆ 35 ದಿನ. ಮೀಟರ್ಡ್ ಅನ್ನು ಪ್ರತಿ ವೈಫೈಗೂ ಬೇರೆಬೇರೆಯಾಗಿ ಹಾಕಬೇಕು, ಬೇರೆ ನೆಟ್‌ವರ್ಕ್‌ಗೆ ಸೇರಿದ ಕೂಡಲೇ ಅದರ ಆಟ ಮುಗಿಯಿತು. ತಾತ್ಕಾಲಿಕಕ್ಕೆ ಸರಿ.

ಪ್ರಶ್ನೆ: ಮಕ್ಕಳು ಒಪ್ಪಿಗೆ ಒತ್ತಿ 11 ಬಂದೇಬಿಟ್ಟಿದೆ. ಹಿಂದಕ್ಕೆ ಹೋಗಬಹುದೇ?

ಉತ್ತರ: 10 ದಿನದೊಳಗಾದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿ. ಅದುವರೆಗೆ ಡಿಸ್ಕ್ ಕ್ಲೀನಪ್ ಓಡಿಸಬೇಡಿ, ಹಳೆಯ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿದರೆ ಆ ಬಟನ್ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಫೈಲ್‌ಗಳು ಉಳಿಯುತ್ತವೆ, ಆದರೂ ಬ್ಯಾಕಪ್ ಮಾಡಿಕೊಳ್ಳಿ. 11ರಲ್ಲಿ ಹೊಸದಾಗಿ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ. 10 ದಿನ ದಾಟಿದ್ದರೆ ವಿಂಡೋಸ್ 10 ಅನ್ನು ಮೊದಲಿಂದ ಇನ್‌ಸ್ಟಾಲ್ ಮಾಡುವುದೊಂದೇ ದಾರಿ.